ಬೇಕ್ ಮಾಡಿದ ಸೊಪ್ಪು ತಟ್ಟೆಯಲ್ಲಿ ನೀರು ಬಿಡುತ್ತದೆ, ಗಟ್ಟಿಯಾಗಿ ನಿಲ್ಲಿಸುವುದು ಹೇಗೆ?

ಖಾಲಿತಟ್ಟೆ:
ಮುಂದಿನ ವಾರ ಹನ್ನೆರಡು ಜನ ಊಟಕ್ಕೆ ಬರುತ್ತಿದ್ದಾರೆ. ಪಾಲಕ್, ವೈಟ್ ಸಾಸ್, ಚೀಸ್ ಹಾಕಿ ಓವನ್‌ನಲ್ಲಿ ಬೇಯಿಸುವ ಸೈಡ್ ಡಿಶ್ ಮಾಡಬೇಕು ಅಂತ ಆಸೆ. ಮೇಲೆ ಹೊಂಬಣ್ಣ, ಗರಿಗರಿ, ಎಲ್ಲ ಚೆನ್ನಾಗಿಯೇ ಬರುತ್ತದೆ. ಬಡಿಸಿದ ಮೇಲೆ ಕಥೆ ಶುರು. ಎರಡು ನಿಮಿಷದಲ್ಲಿ ಸುತ್ತ ಹಸಿರು ನೀರು, ಪಕ್ಕದಲ್ಲಿರುವುದೆಲ್ಲ ಒದ್ದೆ. ಮೈದಾ ಜಾಸ್ತಿ ಹಾಕಿದರೆ ಅಂಟಂಟಾಗುತ್ತದೆ, ಜಾಸ್ತಿ ಹೊತ್ತು ಬೇಯಿಸಿದರೆ ಮೇಲೆ ಸೀದುಹೋಗುತ್ತದೆ. ಹೊಟ್ಟೆ ತುಂಬುವ ಹಾಗಿರಬೇಕು, ಚಮಚದಲ್ಲಿ ತೆಗೆದು ಹಾಕಿದರೆ ಹಾಗೇ ನಿಲ್ಲಬೇಕು. ಅಳತೆ ಸಮೇತ ಯಾರಾದರೂ ಹೇಳುತ್ತೀರಾ? "ಸ್ವಲ್ಪ", "ಬೇಕಾದಷ್ಟು" ಅಂತ ಮಾತ್ರ ಬೇಡ, ದಯವಿಟ್ಟು.

ಒಲೆಮುಂದೆ:
ಓವನ್ ವಿಷಯ ಆಮೇಲೆ ನೋಡೋಣ. ನಿಮ್ಮ ತೊಂದರೆ ಅದಕ್ಕೂ ಮುಂಚೆಯೇ ಇದೆ. ಪಾಲಕ್ ತೂಕದಲ್ಲಿ ಶೇಕಡ 91ರಷ್ಟು ನೀರೇ. ಆ ನೀರು ಒಂದೋ ಸಿಂಕಿಗೆ ಹೋಗಬೇಕು, ಇಲ್ಲ ತಟ್ಟೆಗೆ ಬರಬೇಕು. ಮೂರನೇ ದಾರಿ ಇಲ್ಲ. ಓವನ್ ಒಣಗಿಸುತ್ತದೆ ಅಂತ ಅಂದುಕೊಳ್ಳುತ್ತೇವೆ, ಆದರೆ ಮೇಲೆ ಚೀಸ್ ಹೊದಿಸಿ ಮುಚ್ಚಿದ ಮೇಲೆ ಒಳಗಿನ ನೀರು ಹೋಗುವುದಾದರೂ ಎಲ್ಲಿಗೆ? ಓವನ್ ಮಾಡುವ ಕೆಲಸ ಎರಡೇ: ಒಳಗೆ ಬಿಸಿ ಮಾಡುವುದು, ಮೇಲೆ ಬಣ್ಣ ಬರಿಸುವುದು.

ನಾನು ಮಾಡುವುದು ಹೀಗೆ. 1 ಕಿಲೋ ಪಾಲಕ್ ಬಿಡಿಸಿ, ದಪ್ಪ ದಂಟು ತೆಗೆದು, ಎರಡು ಮೂರು ನೀರಿನಲ್ಲಿ ತೊಳೆಯುತ್ತೇನೆ (ಮಣ್ಣು ತಳದಲ್ಲಿ ಕೂತಿರುತ್ತದೆ, ಹಾಗಾಗಿ ಸೊಪ್ಪನ್ನು ಮೇಲಿಂದ ಎತ್ತಿ ತೆಗೆಯಬೇಕು, ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬರುತ್ತದೆ). ದೊಡ್ಡ ಪಾತ್ರೆಯಲ್ಲಿ ನೀರು ಚೆನ್ನಾಗಿ ಕುದಿಯುವಾಗ ಸೊಪ್ಪು ಹಾಕಿ, ಒಂದು ನಿಮಿಷದೊಳಗೆ ತೆಗೆದು ತಣ್ಣೀರಿಗೆ ಹಾಕುತ್ತೇನೆ. ಆಮೇಲೆ ಹಿಂಡುವುದು. ಇದೇ ಅಸಲಿ ಕೆಲಸ. ಅಂಗೈ ತುಂಬ ಸೊಪ್ಪು ಹಿಡಿದು, ಉಂಡೆ ಮಾಡಿ, ಎರಡೂ ಕೈ ಸೇರಿಸಿ ಒತ್ತಬೇಕು. ಮೊದಲು ಧಾರೆ, ಆಮೇಲೆ ಹನಿ. ಹನಿ ನಿಂತಿತು ಅಂತ ಬಿಡಬೇಡಿ. ಉಂಡೆ ಮುರಿದು, ಒಳಭಾಗ ಹೊರಗೆ ಬರುವ ಹಾಗೆ ತಿರುಗಿಸಿ ಮತ್ತೆ ಹಿಂಡಿ. ನಡುವೆ ಇನ್ನೂ ನೀರಿರುತ್ತದೆ.

ಸಾಕಾಯಿತಾ ಅಂತ ಗೊತ್ತಾಗಬೇಕಾದರೆ ಒಂದು ಉಂಡೆಯನ್ನು ಒಣ ತಟ್ಟೆಯ ಮೇಲೆ ಐದು ನಿಮಿಷ ಇಡಿ. ಎತ್ತಿದಾಗ ಕೆಳಗೆ ನೀರಿನ ಬಳೆ ಕಂಡರೆ ಇನ್ನೊಂದು ಸುತ್ತು ಹಿಂಡಿ. 1 ಕಿಲೋ ಸೊಪ್ಪು ಕೊನೆಗೆ ಮೂರನೇ ಒಂದು ಪಾಲಿನಷ್ಟು ಉಳಿಯುತ್ತದೆ, ಸುಮಾರು 350 ಗ್ರಾಂ. ಅದಕ್ಕಿಂತ ತುಂಬಾ ಜಾಸ್ತಿ ತೂಗಿದರೆ ಹಿಂಡಿದ್ದು ಸಾಲದು ಅಂತ ಅರ್ಥ.

ಬಾಣಲೆಪ್ರಿಯ:
ಹಿಂಡುವ ಮಾತು ಒಪ್ಪಿದೆ. ಆದರೆ ಕುದಿಯುವ ನೀರಿಗೆ ಯಾಕೆ ಹಾಕುತ್ತೀರಿ ಅಂತಲೇ ನನಗೆ ಅರ್ಥವಾಗಿಲ್ಲ. ನೀರು ತೆಗೆಯಬೇಕು ಅಂತ ಹೇಳಿ ನೀರಿನಲ್ಲೇ ಮುಳುಗಿಸುವುದಾ? ಅಗಲ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಉಪ್ಪು ಹಾಕಿ, ದೊಡ್ಡ ಉರಿಯಲ್ಲಿ ಹಿಡಿ ಹಿಡಿಯಾಗಿ ಸೊಪ್ಪು ಹಾಕಿ ಬಾಡಿಸಿ. ಉಪ್ಪೇ ನೀರು ಎಳೆಯುತ್ತದೆ. ಅದು ಅಲ್ಲೇ ಆವಿಯಾಗಿ ಹೋಗುತ್ತದೆ. ರುಚಿ ಬಾಣಲೆಯಲ್ಲೇ ಉಳಿಯುತ್ತದೆ. ಕುದಿಸಿ ಹಿಂಡಿದ ಸೊಪ್ಪಿಗೆ ಸೊಪ್ಪಿನ ರುಚಿಯೇ ಇರುವುದಿಲ್ಲ, ಮಿಕ್ಕಿದ್ದೆಲ್ಲ ಚೀಸ್ ರುಚಿ.

ಒಲೆಮುಂದೆ:
200 ಗ್ರಾಂಗೆ ನಿಮ್ಮ ಮಾತು ಸರಿ. ಇವರು ಹನ್ನೆರಡು ಜನಕ್ಕೆ ಮಾಡಬೇಕು, ಅಂದರೆ 2 ಕಿಲೋ ಸೊಪ್ಪು. ಮನೆಯ ಬಾಣಲೆಯಲ್ಲಿ ಅಷ್ಟನ್ನು ದೊಡ್ಡ ಉರಿಯಲ್ಲಿ ಬಾಡಿಸುವುದು ಹೇಗೆ? ಎರಡನೇ ಹಿಡಿ ಹಾಕುವಷ್ಟರಲ್ಲಿ ಮೊದಲನೆಯದರ ನೀರಿನಲ್ಲೇ ಬೇಯಲು ಶುರುವಾಗಿರುತ್ತದೆ.

ಬಾಣಲೆಪ್ರಿಯ:
ನಾಲ್ಕೈದು ಕಂತಿನಲ್ಲಿ ಮಾಡಿದರಾಯಿತು. ಅಷ್ಟು ಅವಸರ ಏನಿದೆ?

ಹಸಿರುಕೊತ್ತು:
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಪಾಲಕ್ ತಿಂದಾಗ ಹಲ್ಲಿನ ಮೇಲೆ ಏನೋ ಪುಡಿ ಹಚ್ಚಿದ ಹಾಗಾಗುತ್ತದಲ್ವಾ, ಅದು ಆಕ್ಸಲೇಟ್‌ನಿಂದ (ಸೊಪ್ಪಿನಲ್ಲಿ ಸಹಜವಾಗಿ ಇರುವ ಒಂದು ವಸ್ತು, ಕೆಲವರಿಗೆ ಕಿಡ್ನಿ ಕಲ್ಲಾಗಲು ಇದೂ ಒಂದು ಕಾರಣ). ಕುದಿಸಿ ನೀರು ಚೆಲ್ಲಿದರೆ ಅದರಲ್ಲಿ ಒಂದು ಪಾಲು ನೀರಿನ ಜೊತೆ ಹೋಗುತ್ತದೆ. ಬಾಣಲೆಯಲ್ಲಿ ಬಾಡಿಸಿದರೆ ಹಾಗೇ ಉಳಿಯುತ್ತದೆ. ಕಿಡ್ನಿ ಕಲ್ಲಿನ ತೊಂದರೆ ಇರುವವರು ಪಂಕ್ತಿಯಲ್ಲಿದ್ದರೆ ಪಾಲಕ್ ಬದಲು ಕೇಲ್ (ಎಲೆಕೋಸಿನ ಜಾತಿಯ ದಪ್ಪ ಎಲೆಯ ಸೊಪ್ಪು) ಹಾಕಿ, ಅದರಲ್ಲಿ ಆಕ್ಸಲೇಟ್ ತುಂಬಾ ಕಡಿಮೆ. ಸ್ವಿಸ್ ಚಾರ್ಡ್ ಮತ್ತು ಬೀಟ್‌ರೂಟ್ ಸೊಪ್ಪಿನಲ್ಲಿ ಪಾಲಕ್ ಹಾಗೇ ಜಾಸ್ತಿ. ಅವೆರಡೂ ಒಂದೇ ಜಾತಿಯ ಗಿಡ, ಒಂದನ್ನು ಗಡ್ಡೆಗೆ ಬೆಳೆಸುತ್ತಾರೆ, ಇನ್ನೊಂದನ್ನು ಎಲೆಗೆ.

ಬಣ್ಣದ ವಿಷಯವೂ ಇದೆ. ಮುಚ್ಚಳ ಮುಚ್ಚಿ ಬೇಯಿಸಿದರೆ ಸೊಪ್ಪಿನಿಂದ ಹೊರಬರುವ ಆಮ್ಲ ಅಲ್ಲೇ ಸಿಕ್ಕಿಹಾಕಿಕೊಂಡು ಹಸಿರು ಮಂಕಾಗುತ್ತದೆ. ತೆರೆದ ಪಾತ್ರೆ, ಜಾಸ್ತಿ ನೀರು, ಕಡಿಮೆ ಹೊತ್ತು, ಅಷ್ಟೇ. ಸೋಡಾ ಹಾಕಿದರೆ ಬಣ್ಣ ಮಿಂಚುತ್ತದೆ, ನಿಜ, ಆದರೆ ಎಲೆ ಲೋಳೆಯಾಗುತ್ತದೆ. ನಿಂಬೆರಸವನ್ನು ಸಾಸಿಗೆ ಸೇರಿಸಲೇಬೇಡಿ, ಓವನ್‌ನಲ್ಲಿ ಅರ್ಧ ಗಂಟೆ ಇದ್ದು ಬರುವಷ್ಟರಲ್ಲಿ ಎಲ್ಲ ಕಂದು ಹಸಿರು. ಬೇಕಾದವರು ತಟ್ಟೆಯ ಮೇಲೆ ಹಿಂಡಿಕೊಳ್ಳಲಿ.

ಹೊಸಗರಗಸ:
ಹಿಂಡಿ ಚೆಲ್ಲಿದರೆ ಪೋಷಕಾಂಶ ಎಲ್ಲ ಹೋಗಲ್ವಾ? ಸುಮ್ನೆ ಕೇಳಿದೆ.

ಹಸಿರುಕೊತ್ತು:
ಎಲ್ಲ ಹೋಗುವುದಿಲ್ಲ. ವಿಟಮಿನ್ ಸಿ ಮತ್ತು ಫೋಲೇಟ್ ನೀರಿನಲ್ಲಿ ಕರಗುತ್ತವೆ, ಅವುಗಳಲ್ಲಿ ಒಂದಿಷ್ಟು ಹೋಗುತ್ತದೆ. ವಿಟಮಿನ್ ಕೆ, ಬೀಟಾ ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವಂಥವು, ಎಲೆಯಲ್ಲೇ ಉಳಿಯುತ್ತವೆ, ಬೆಣ್ಣೆ ಚೀಸ್ ಜೊತೆ ತಿಂದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತವೆ. ಇಷ್ಟು ಚೀಸ್ ಹಾಕಿ ಆರೋಗ್ಯದ ಲೆಕ್ಕ ಹಾಕುವುದು ಬೇರೆ ವಿಷಯ ಬಿಡಿ.

ಬಾಣಲೆಯಲ್ಲಿ ಬಾಡಿಸಿದರೆ ಹಿಂಡಿದ ನೀರನ್ನು ಚೆಲ್ಲುವ ಬದಲು ಇನ್ನೊಂದು ಪಾತ್ರೆಯಲ್ಲಿ ಕುದಿಸಿ ಎರಡು ಚಮಚಕ್ಕೆ ಇಳಿಸಿ ಸಾಸಿಗೆ ಹಾಕಬಹುದು. ರುಚಿ ಚೆನ್ನಾಗಿರುತ್ತದೆ, ಸಾಸ್ ಹಸಿರಾಗುತ್ತದೆ.

ಗಂಟಿಲ್ಲದಸಾಸ್:
ಸೊಪ್ಪಿನ ಕಥೆ ಆಯಿತು, ಸಾಸ್ ಕಥೆ ಯಾರೂ ಹೇಳಲಿಲ್ಲ. ಖಾಲಿತಟ್ಟೆ ಅವರೇ, ಮೈದಾ ಜಾಸ್ತಿ ಹಾಕಿದರೆ ಅಂಟಾಗುತ್ತದೆ ಅಂದಿರಿ. ಅದು ಮೈದಾ ಜಾಸ್ತಿಯಾಗಿದ್ದಕ್ಕಲ್ಲ, ಬೇಯದೇ ಇದ್ದಿದ್ದಕ್ಕೂ ಇರಬಹುದು. ಲೆಕ್ಕ ಹೀಗೆ ಇಟ್ಟುಕೊಳ್ಳಿ: 100 ಮಿಲಿ ಹಾಲಿಗೆ 10 ಗ್ರಾಂ ಬೆಣ್ಣೆ, 10 ಗ್ರಾಂ ಮೈದಾ. ಇದು ಗಟ್ಟಿ ಸಾಸ್. ಪಾಸ್ಟಾಗೆ ಹಾಕುವ ತೆಳು ಸಾಸಿನ ಅಳತೆ ಇಲ್ಲಿ ನಡೆಯುವುದಿಲ್ಲ. 350 ಗ್ರಾಂ ಹಿಂಡಿದ ಸೊಪ್ಪಿಗೆ 350 ಮಿಲಿ ಹಾಲಿನ ಸಾಸ್ ಧಾರಾಳ ಸಾಕು. ಸೊಪ್ಪಿನ ಪದಾರ್ಥ ಇದು, ಸಾಸಿನಲ್ಲಿ ಸೊಪ್ಪು ತೇಲಬಾರದು.

ಬೆಣ್ಣೆ ಕರಗಿಸಿ, ಮೈದಾ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಬೇಕು, ಬಣ್ಣ ಬದಲಾಗಬಾರದು. ಹಾಲನ್ನು ಮೊದಲು ಸ್ವಲ್ಪ ಸ್ವಲ್ಪ ಹಾಕಿ ಗಂಟಿಲ್ಲದ ಹಿಟ್ಟು ಮಾಡಿಕೊಂಡು ಆಮೇಲೆ ಉಳಿದದ್ದು ಸುರಿಯಿರಿ. ಕುದಿ ಬರಲೇಬೇಕು. ಬಿಸಿಯಾಯಿತು, ದಪ್ಪ ಆಗುತ್ತಿದೆ ಅಂತ ಅರ್ಧಕ್ಕೇ ಇಳಿಸಿದರೆ ಮೈದಾ ಪೂರ್ತಿ ದಪ್ಪ ಕೊಟ್ಟಿರುವುದಿಲ್ಲ, ಬಾಯಲ್ಲಿ ಹಿಟ್ಟಿನ ರುಚಿ ಬೇರೆ. ಕುದಿ ಬಂದ ಮೇಲೆ ನಾಲ್ಕೈದು ನಿಮಿಷ ತಿರುವುತ್ತಾ ಇರಿ. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆದರೆ ತಳ ಕಾಣಿಸಬೇಕು, ಸಾಸ್ ನಿಧಾನಕ್ಕೆ ಬಂದು ಅದನ್ನು ಮುಚ್ಚಬೇಕು. ತಕ್ಷಣ ಮುಚ್ಚಿಕೊಂಡರೆ ಇನ್ನೂ ಹೊತ್ತು ಬೇಕು.

ಚೀಸ್ ಹಾಕುವುದು ಉರಿ ಆರಿಸಿದ ಮೇಲೆ. ಕುದಿಯುವ ಸಾಸಿಗೆ ಹಾಕಿದರೆ ಎಳೆ ಎಳೆಯಾಗಿ ಎಣ್ಣೆ ಬಿಡುತ್ತದೆ. ಜಾಯಿಕಾಯಿ ಒಂದೆರಡು ಸಲ ತುರಿದರೆ ಸಾಕು. ಉಪ್ಪು ಕೊನೆಗೆ, ಚೀಸ್ ಬಿದ್ದ ಮೇಲೆ ರುಚಿ ನೋಡಿ. ಎಷ್ಟೋ ಸಲ ಬೇಕೇ ಆಗುವುದಿಲ್ಲ.

ಖಾಲಿತಟ್ಟೆ:
ಇದು ಅಳತೆ ಅಂದರೆ! ಚೀಸ್ ಯಾವುದು, ಎಷ್ಟು? ನನ್ನ ಹತ್ತಿರ ತುರಿದ ಪ್ಯಾಕೆಟ್ ಮೊಝರೆಲ್ಲಾ ಇದೆ.

ಗಂಟಿಲ್ಲದಸಾಸ್:
1 ಕಿಲೋ ಸೊಪ್ಪಿಗೆ ಒಳಗೆ 100 ಗ್ರಾಂ, ಮೇಲೆ 50 ಗ್ರಾಂ. ಮೊಝರೆಲ್ಲಾ ಎಳೆ ಕೊಡುತ್ತದೆ, ರುಚಿ ಕೊಡುವುದು ಕಡಿಮೆ. ಒಳಗೆ ಗ್ರುಯೆರ್ ಅಥವಾ ಚೆಡ್ಡರ್, ಮೇಲೆ ಪಾರ್ಮೆಸಾನ್ ಇದ್ದರೆ ಚೆನ್ನ. ಪಾರ್ಮೆಸಾನ್‌ನಲ್ಲಿ ನೀರು ಕಡಿಮೆ, ಹಾಗಾಗಿ ಬೇಗ ಬಣ್ಣ ಬರುತ್ತದೆ. ಪ್ಯಾಕೆಟ್‌ನಲ್ಲಿ ತುರಿದು ಬರುವ ಚೀಸಿಗೆ ಒಂದಕ್ಕೊಂದು ಅಂಟದಿರಲಿ ಅಂತ ಸ್ಟಾರ್ಚ್ ಅಥವಾ ಸೆಲ್ಯುಲೋಸ್ ಪುಡಿ ಸವರಿರುತ್ತಾರೆ, ಅದು ಸಾಸಿನಲ್ಲಿ ನುಣ್ಣಗೆ ಕರಗುವುದಿಲ್ಲ. ಪ್ಯಾಕೆಟ್ ಇದ್ದರೆ ಮೇಲೆ ಉದುರಿಸಿ, ಒಳಗೆ ಹಾಕಲು ಗಡ್ಡೆ ಚೀಸ್ ತುರಿದುಕೊಳ್ಳಿ.

ಅಕ್ಕಿಕಾಳು:
"ಮೂರನೇ ದಾರಿ ಇಲ್ಲ" ಅಂದರಲ್ಲ ಒಲೆಮುಂದೆ ಅವರು, ಇದೆ ರೀ. ನೀರನ್ನು ಕುಡಿಯುವವರನ್ನು ಒಳಗೇ ಕೂರಿಸಿ. ಫ್ರಾನ್ಸಿನ ಪ್ರೊವಾನ್ಸ್ ಕಡೆ ಟಿಯಾನ್ ಅಂತ ಮಾಡುತ್ತಾರೆ, ಮಣ್ಣಿನ ಅಗಲ ಪಾತ್ರೆಯಲ್ಲಿ ಸೊಪ್ಪು, ಸ್ವಲ್ಪ ಅಕ್ಕಿ, ಮೊಟ್ಟೆ, ಚೀಸ್, ಆಲಿವ್ ಎಣ್ಣೆ. ವೈಟ್ ಸಾಸ್ ಬೇಕಾಗಿಯೇ ಇಲ್ಲ. 1 ಕಿಲೋ ಸೊಪ್ಪಿಗೆ 70 ಗ್ರಾಂ ಅಕ್ಕಿಯನ್ನು ಐದು ನಿಮಿಷ ಕುದಿಸಿ ಬಸಿದು ಬೆರೆಸಿ. ಸೊಪ್ಪನ್ನು ಬಾಡಿಸಿ, ಹದವಾಗಿ ಹಿಂಡಿದರೆ ಸಾಕು, ಮೂಳೆ ಮುರಿಯುವ ಹಾಗೆ ಹಿಂಡಬೇಕಿಲ್ಲ. ಉಳಿದ ನೀರನ್ನು ಅಕ್ಕಿಯೇ ಎಳೆದುಕೊಂಡು ಬೇಯುತ್ತದೆ. ಹೊಟ್ಟೆಯೂ ತುಂಬುತ್ತದೆ. ಈ ಕೆಲಸಕ್ಕೆ ದುಂಡು ಅಕ್ಕಿ ಒಳ್ಳೆಯದು, ಉದ್ದಕ್ಕಿ ಉದುರುದುರಾಗಿ ಉಳಿಯುತ್ತದೆ.

ಒಲೆಮುಂದೆ:
ಒಪ್ಪಿದೆ. ಆದರೆ ಅದು ಬೇರೆ ಪದಾರ್ಥ ಆಯಿತಲ್ಲ.

ಅಕ್ಕಿಕಾಳು:
ಕೇಳಿದ್ದು ಹೊಟ್ಟೆ ತುಂಬುವ, ಗಟ್ಟಿಯಾಗಿ ನಿಲ್ಲುವ ಸೊಪ್ಪು. ಅದೇ ತಾನೇ ಇದು.

ಮೊಟ್ಟೆಬಣ್ಣ:
ನಾನು ಸಾಸ್ ಬಿಟ್ಟು ಮೊಟ್ಟೆಯಲ್ಲೇ ಮಾಡುವವಳು. 350 ಗ್ರಾಂ ಹಿಂಡಿದ ಸೊಪ್ಪು, 3 ಮೊಟ್ಟೆ, 250 ಮಿಲಿ ಹಾಲು ಮತ್ತು ಕ್ರೀಮ್ ಸೇರಿಸಿ, ಚೀಸ್. ತುಂಡು ಕತ್ತರಿಸಿ ಎತ್ತಬಹುದು, ಅಷ್ಟು ಗಟ್ಟಿ. ಒಂದೇ ಎಚ್ಚರಿಕೆ, 170 ಡಿಗ್ರಿ ಮೀರಬೇಡಿ. ಹಾಲು ಮೊಟ್ಟೆ ಸೇರಿದ್ದು 80 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಕಾದರೆ ಮೊಟ್ಟೆಯೇ ನೀರು ಬಿಡುತ್ತದೆ, ಆಗ ಜನ ಸೊಪ್ಪನ್ನು ಬೈಯುತ್ತಾರೆ. ಟ್ರೇ ಅಲ್ಲಾಡಿಸಿದಾಗ ಅಂಚು ಗಟ್ಟಿಯಿದ್ದು ನಡುವೆ ಸ್ವಲ್ಪ ನಡುಗುತ್ತಿರುವಾಗಲೇ ತೆಗೆಯಿರಿ. ಹೊರಗೆ ಇಟ್ಟ ಮೇಲೂ ಒಳಗಿನ ಬಿಸಿಗೆ ಬೇಯುತ್ತಿರುತ್ತದೆ.

ದಂಟುಬೇಕು:
ಕೇಲ್ ಹಾಕಿ ಮಾಡಿದವರು ಯಾರಾದರೂ ಇದ್ದೀರಾ? ನನಗೆ ಪಾಲಕ್ ಮೆತ್ತಗಾಯಿತು ಅನ್ನಿಸುತ್ತದೆ. ಜಗಿಯಲು ಏನಾದರೂ ಸಿಗಬೇಕು.

ಒಲೆಮುಂದೆ:
ಕೇಲ್ ಚೆನ್ನಾಗಿ ಬರುತ್ತದೆ, ನೀರೂ ಕಡಿಮೆ ಬಿಡುತ್ತದೆ. ನಡುವಿನ ದಪ್ಪ ನಾರು ತೆಗೆದು ಕುದಿಯುವ ನೀರಿನಲ್ಲಿ ನಾಲ್ಕೈದು ನಿಮಿಷ ಬೇಯಿಸಿ. ಪಾಲಕ್ ಲೆಕ್ಕದಲ್ಲಿ ಒಂದೇ ನಿಮಿಷಕ್ಕೆ ತೆಗೆದರೆ ಓವನ್‌ನಲ್ಲಿ ಮೆತ್ತಗಾಗುವುದಿಲ್ಲ, ಜಗಿದೂ ಜಗಿದೂ ಸಾಕಾಗುತ್ತದೆ. ಚಾರ್ಡ್ ಆದರೆ ದಂಟು ಬಿಸಾಡಬೇಡಿ, ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಬೆಣ್ಣೆಯಲ್ಲಿ ಮೊದಲೇ ಬಾಡಿಸಿಕೊಂಡು ಆಮೇಲೆ ಎಲೆ ಸೇರಿಸಿ. ಸಾಸಿವೆ ಸೊಪ್ಪಿನ ಖಾರ ಇಷ್ಟವಿದ್ದರೆ ಪಾಲಕ್ ಜೊತೆ ಕಾಲು ಭಾಗ ಹಾಕಿ ನೋಡಿ. ನನಗಂತೂ ಬರೀ ಪಾಲಕ್‌ಗಿಂತ ಮಿಶ್ರವೇ ಇಷ್ಟ.

ಇನ್ನೊಂದು ಮಾತು, ಹಿಂಡಿದ ಮೇಲೆ ಕತ್ತರಿಸಬೇಕು. ಉಂಡೆಯನ್ನು ಹಲಗೆ ಮೇಲಿಟ್ಟು ಒಂದು ಸಲ ಅಡ್ಡ, ಒಂದು ಸಲ ಉದ್ದ ಕೊಚ್ಚಿ. ಇಡೀ ಎಲೆ ಹಾಕಿದರೆ ಬಡಿಸುವಾಗ ಒಂದು ಚಮಚದ ಜೊತೆ ಇಡೀ ಟ್ರೇ ಎದ್ದು ಬರುತ್ತದೆ.

ಹೊಸಗರಗಸ:
ಫ್ರೋಜನ್ ಪಾಲಕ್ ನಡೆಯುತ್ತಾ? 2 ಕಿಲೋ ಸೊಪ್ಪು ಬಿಡಿಸುವವರು ಯಾರು ಮಾರಾಯ್ರೆ.

ಬಾಣಲೆಪ್ರಿಯ:
ನಡೆಯುತ್ತದೆ. ನಾನು ಇಷ್ಟು ಹೊತ್ತು ವಾದ ಮಾಡಿದ್ದರೂ ಹೇಳುತ್ತೇನೆ, ಈ ಪದಾರ್ಥಕ್ಕೆ ಫ್ರೋಜನ್ ಏನೂ ಕಡಿಮೆಯಿಲ್ಲ. ಅದನ್ನು ಮೊದಲೇ ಕುದಿನೀರಿನಲ್ಲಿ ಅದ್ದಿ ತೆಗೆದಿರುತ್ತಾರೆ. ಫ್ರಿಜ್‌ನಲ್ಲಿ ರಾತ್ರಿಯಿಡೀ ಕರಗಲು ಬಿಡಿ, ತೆಳು ಬಟ್ಟೆಯಲ್ಲಿ ಕಟ್ಟಿ, ಬಟ್ಟೆಯ ಬಾಯಿಗೆ ಸೌಟಿನ ಹಿಡಿ ಸಿಕ್ಕಿಸಿ ತಿರುಚಿ. ನೀರು ಜಾಸ್ತಿ ಬಿಡುತ್ತದೆ, ಹಿಂಡಲು ಮಾತ್ರ ಸುಲಭ. ಇನ್ನು ಮತ್ತೆ ಬೇಯಿಸುವ ಅಗತ್ಯವಿಲ್ಲ.

ನಿಧಾನಿ:
ಮನೆಯಲ್ಲಿ ಹಾಲು ಒಗ್ಗದವರು ಒಬ್ಬರಿದ್ದಾರೆ. ಬೆಣ್ಣೆ ಬದಲು ಎಣ್ಣೆ, ಹಾಲಿನ ಬದಲು ಸೋಯಾ ಹಾಲು ಹಾಕಿದರೆ ಸಾಸ್ ಆಗುತ್ತಾ?

ಗಂಟಿಲ್ಲದಸಾಸ್:
ಆಗುತ್ತದೆ, ಅದೇ ಅಳತೆ. ಡಬ್ಬಿಯ ಮೇಲೆ ಬರೆದಿದ್ದನ್ನು ಎರಡು ಸಲ ಓದಿ, ಸಕ್ಕರೆ, ವೆನಿಲಾ ಹಾಕದ್ದೇ ಬೇಕು. ವೆನಿಲಾ ವಾಸನೆಯ ಬೆಳ್ಳುಳ್ಳಿ ಪಾಲಕ್ ಯಾರಿಗೂ ಬೇಡ. ಚೀಸ್ ಇಲ್ಲದ ಗಟ್ಟಿತನಕ್ಕೆ ಬೇಯಿಸಿದ ಬಿಳಿ ಬೀನ್ಸ್ ಸೇರಿಸಿ, ಅರ್ಧ ಹಾಗೇ, ಅರ್ಧ ಮಸೆದು. ಹಾಲು ಒಗ್ಗುವವರಿಗೂ ಇದು ಒಳ್ಳೆಯ ಉಪಾಯ, ಹೊಟ್ಟೆ ತುಂಬುತ್ತದೆ.

ಖಾಲಿತಟ್ಟೆ:
ಎಲ್ಲರಿಗೂ ಥ್ಯಾಂಕ್ಸ್. ಸಾಸ್ ದಾರಿಯಲ್ಲೇ ಹೋಗುತ್ತೇನೆ, ಪಾಲಕ್ ಮುಕ್ಕಾಲು, ಕೇಲ್ ಕಾಲು. ಮಸೆದ ಬಿಳಿ ಬೀನ್ಸ್ ಸ್ವಲ್ಪ (ಹೌದು, "ಸ್ವಲ್ಪ" ಅಂದೆ). ಹಿಂದಿನ ದಿನವೇ ಮಾಡಿಡಬಹುದಾ? ಮತ್ತೆ 2 ಕಿಲೋ ಸೊಪ್ಪಿಗೆ ಎಷ್ಟು ದೊಡ್ಡ ಟ್ರೇ ಬೇಕು? ಮೇಲಿನ ಬ್ರೆಡ್ ಪುಡಿ ನನಗೆ ಯಾವಾಗಲೂ ಬೆಳ್ಳಗೆ ಒಣಗಿಯೇ ಉಳಿಯುತ್ತದೆ, ಅದಕ್ಕೇನು?

ಒಲೆಮುಂದೆ:
ಟ್ರೇ 23 ಸೆಂಟಿಮೀಟರ್ ಅಗಲ, 33 ಉದ್ದ. ಅದರಲ್ಲಿ ಎರಡು ಎರಡೂವರೆ ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ, ಅಷ್ಟೇ ಇರಲಿ. ಆಳದ ಪಾತ್ರೆಯಲ್ಲಿ ತುಂಬಿದರೆ ನಡುವೆ ಬಿಸಿಯಾಗುವಷ್ಟರಲ್ಲಿ ಮೇಲೆ ಕಪ್ಪಾಗುತ್ತದೆ, ಗರಿಗರಿ ಪದರವೂ ಎಲ್ಲರಿಗೂ ಸಿಗುವುದಿಲ್ಲ. ಗರಿಗರಿಗೆ ಜಗಳ ಆಗುತ್ತದೆ, ಗೊತ್ತಲ್ವಾ.

ಹಿಂದಿನ ದಿನ ಸೊಪ್ಪು ಸಾಸ್ ಬೆರೆಸಿ, ಟ್ರೇಗೆ ಹಾಕಿ, ಬಿಸಿ ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿ ಇಡಿ. ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಬೆರೆಸುವಾಗಲೇ ಹದ ನೋಡಿಕೊಳ್ಳಿ, ಸೌಟು ಬಗ್ಗಿಸಿದರೆ ಮಿಶ್ರಣ ಸುರಿಯಬಾರದು, ಮುದ್ದೆಯಾಗಿ ಬೀಳಬೇಕು. ಅಲ್ಲಿ ಸುರಿದರೆ ಓವನ್ ಅದನ್ನು ಸರಿ ಮಾಡುವುದಿಲ್ಲ.

ಬ್ರೆಡ್ ಪುಡಿ ಮಾತ್ರ ಓವನ್‌ಗೆ ಇಡುವ ಮುಂಚೆ. 100 ಗ್ರಾಂ ಪುಡಿಗೆ 50 ಗ್ರಾಂ ಕರಗಿದ ಬೆಣ್ಣೆ ಹಾಕಿ, ಒದ್ದೆ ಮರಳಿನ ಹಾಗೆ ಆಗುವ ತನಕ ಬೆರಳಿನಲ್ಲಿ ಉಜ್ಜಿ, ಆಮೇಲೆ ಉದುರಿಸಿ. ನಿಮ್ಮದು ಬೆಳ್ಳಗೆ ಉಳಿಯುವುದು ಕೊಬ್ಬು ತಾಗದೇ ಇರುವುದಕ್ಕೆ. ಪುಡಿ ತೀರಾ ನುಣ್ಣಗೆ ಬೇಡ, ತರಿ ತರಿ ಇರಲಿ.

ಫ್ರಿಜ್‌ನಿಂದ ತೆಗೆದದ್ದಾದರೆ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಅಂಚಿನಲ್ಲಿ ಗುಳ್ಳೆ ಬಂದು, ನಡುವೆ ಚಾಕು ಚುಚ್ಚಿ ತೆಗೆದರೆ ಅದು ಬಿಸಿಯಾಗಿರಬೇಕು. ಬಣ್ಣ ಸಾಲದಿದ್ದರೆ ಕೊನೆಗೆ ಮೇಲಿನ ರಾಡ್ ಮಾತ್ರ ಹಾಕಿ ಎರಡು ಮೂರು ನಿಮಿಷ, ಓವನ್ ಮುಂದೆಯೇ ನಿಂತಿರಿ. ಆಗಲೇ ಮಾಡಿ ಆಗಲೇ ಇಡುವುದಾದರೆ 200 ಡಿಗ್ರಿ, 20ರಿಂದ 25 ನಿಮಿಷ. ಫ್ಯಾನ್ ಇರುವ ಓವನ್ ಆದರೆ ಎರಡಕ್ಕೂ 20 ಡಿಗ್ರಿ ಕಡಿಮೆ.

ಮೊಟ್ಟೆಬಣ್ಣ:
ತೆಗೆದ ತಕ್ಷಣ ಬಡಿಸಬೇಡಿ ಅಂತ ಯಾರೂ ಹೇಳಲಿಲ್ಲ. ಹತ್ತು ನಿಮಿಷ ಬಿಡಿ. ಕುದಿಯುತ್ತಿರುವ ಸಾಸ್ ತೆಳ್ಳಗೇ ಇರುತ್ತದೆ, ಆರುತ್ತಾ ಗಟ್ಟಿಯಾಗುತ್ತದೆ. ಎಲ್ಲ ಸರಿಯಾಗಿ ಮಾಡಿ ಕೊನೆಗೆ ಅವಸರದಲ್ಲಿ ಬಡಿಸಿ "ನೀರಾಯಿತು" ಅನ್ನುವವರು ತುಂಬಾ ಜನ.

ಹೊಸಗರಗಸ:
ಉಳಿದರೆ?

ಅಕ್ಕಿಕಾಳು:
ಉಳಿಯುವುದಿಲ್ಲ. ಉಳಿದರೆ ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಮೇಲಿನ ಪದರ ಮೆತ್ತಗಾಗುತ್ತದೆ, ಹಾಗಾಗಿ ಕಾದ ತವಾ ಮೇಲೆ ಗರಿ ಪದರ ಕೆಳಗೆ ಬರುವ ಹಾಗೆ ಮಗುಚಿ ಹಾಕಿ, ಮುಚ್ಚದೆ ಸಣ್ಣ ಉರಿಯಲ್ಲಿ ಬಿಡಿ. ಅಲುಗಾಡಿಸಬೇಡಿ. ತಾನಾಗೇ ತಳ ಬಿಟ್ಟಾಗ ಎತ್ತಿ ಟೋಸ್ಟ್ ಮೇಲೆ ಹಾಕಿಕೊಳ್ಳಿ.